ಕರಕು

ಡೋಣಿ ದಂಡಿಯ ಎರಿ ಹೊಲದಾಗ
ಹುಡುಕಿದರೂ ಒಂದು ಕಲ್ಲು ಸಿಗೂದಿಲ್ಲ.
ಕೊಡದ ಬುಡಕ್ಕ ಒಂದು ಕಲ್ಲು ಬೇಕಂದರ
ಊರಿಂದ ಉಡಿಯಾಗ ಕಟಗೊಂಡು ಬರಬೇಕು.

ಕಡ್ಡಿಪೆಟಿಗಿ ಇತ್ತು, ಇಲ್ಲಂತಲ್ಲ.
ಇಬ್ಬನಿ ಕುಡದು ಮೆತ್ತಗಾಗಿತ್ತು;
ಗೀರಿದಂಗೆಲ್ಲ ಮದ್ದು ಉದುರಿ
ಹನ್ನೊಂದು ಕಡ್ಡಿ ಬೋಳಾದವು.
ಅಷ್ಟರಾಗ ಒಂದು ಬುಟ್ಟಿ ತೆನಿ ಮುರದಾಗಿತ್ತು,
ಹಾಲು ಗಟ್ಟಿಯಾಗೂ ಮುಂಚಿನ ಕಾಳು.
ಸೀತನಿ ನಾಳೆತನಕ ಕಾಯೂದಿಲ್ಲ.

ಆಗ ನಾಲಬಂದರ ಶಾಹೇದಾ
ಸೊಂಟದ ಚೀಲ ಬಿಚ್ಚಿದಳು.

ಅವರಪ್ಪನ ಅರ. ಎತ್ತಿನ ಗೊರಸು ತಿಕ್ಕಿ ತಿಕ್ಕಿ
ಹಲ್ಲು ಹೋಗಿ ಮೊಂಡಾದದ್ದು.
"ಒಂದು ಹಳೇ ನಾಲು ತಂದಿದ್ದರ ಆಗತಿರಲಿಲ್ಲೇನು?" ಅಂದೆ.
"ನಾಲು ಮೆತ್ತನ ಕಬ್ಬಣ.
ಹಾದಿ ಸವಸತೈತಿ, ಕಿಡಿ ಕೊಡೂದಿಲ್ಲ.
ಇದು ನೋಡು, ಸಿಟ್ಟಿನ ಉಕ್ಕು."
ಬದಾಮಿ ಕಡೆ ಗುಡ್ಡದ ಬೆಣಚಿಕಲ್ಲೊಂದು,
ಒಡದ ಅಂಚು ಬೆರಳು ಕೊಯ್ಯೂವಂಥದ್ದು.
ಆಮ್ಯಾಲೆ ಸುಣ್ಣದ ಡಬ್ಬಿ; ಅದರಾಗ
ಇದ್ದಲಿ ಪುಡಿಯಾಗ ಹೊಳ್ಳಾಡಿಸಿದ ಎಕ್ಕಿ ಅರಳಿ,
ಕರ್ರಗ, ಹಗೂರ, ಬೆಕ್ಕಿನ ಮರಿ ಹೊಟ್ಟಿ ಮುಟ್ಟಿದಂಗ.

ನಾ ಗೂಡು ಕಟ್ಟಿದೆ:
ಅಂಗೈಯಾಗ ಹೊಸದ ರವದಿ,
ಗುಬ್ಬಿ ಬಿಟ್ಟುಹೋದ ಹುಲ್ಲು,
ತಳಕ್ಕ ತೊಗರಿ ಕಟ್ಟಿಗಿ, ಬಾಜೂಕ ಕುಳ್ಳು.
ಬಡಗಣ ಗಾಳಿ ಇತ್ತು. ಬೆನ್ನು ಕೊಟ್ಟು ಕುಂತೆ.

ಟಕ್.
ಏನಿಲ್ಲ.
ಟಕ್, ಟಕ್. ಸುಟ್ಟ ಉಗುರಿನಂಥ ನಾತ.
ಕಲ್ಲು ಜಾರಿ ಆಕಿ ಗೆಣ್ಣು ಹರೀತು.
ನೆಕ್ಕಿ, ಉಗುಳಿ, ಕಲ್ಲಿನ ಮಗ್ಗಲಾ ತಿರುವಿ ಹಿಡದಳು.
ಕಿಡಿ ಹಾರತಾವ, ಆದರ ಬೇಕಾದಲ್ಲಿ ಬೀಳೂದಿಲ್ಲ.
ನನ್ನ ಮುಂಗೈ ಮ್ಯಾಲೊಂದು. ಕತ್ತಲಾಗ ನಾಕಾರು.
ನನ್ನ ಮಗ ಬಸು ಎಣಿಸಾಕ ಹತ್ತಿದ,
ಇಪ್ಪತ್ತಕ್ಕ ಲೆಕ್ಕ ತಪ್ಪಿಸಿ ಬ್ಯಾಸರಾಗಿ ಬಿಟ್ಟ.

ಬಿಟ್ಟ ಮ್ಯಾಲೆ ಒಂದು ಕುಂತತು.

ಬೆಂಕಿ ಅನ್ನೂವಂಗಿರಲಿಲ್ಲ ಅದು.
ಕರಿ ಅರಳಿಯಾಗ ಸಾಸಿವಿಯಷ್ಟು ಕೆಂಪು,
ಸದ್ದಿಲ್ಲದ, ಅಂಚು ತಿನಕೋತ ಹರೀತಿತ್ತು.
ನಾ ಗಲ್ಲ ಉಬ್ಬಿಸಿದೆ.
ಆಕಿ ನನ್ನ ಬಾಯಿಗೆ ಕೈ ಅಡ್ಡ ಹಿಡದಳು.
"ಊದಬ್ಯಾಡ. ಉಸುರಾಡು."

ಉಸುರಾಡಿದೆ.
ಮಲಗಿದ ಕೂಸಿನ ಮಾರಿ ಹತ್ರ ಆಡಿದಂಗ, ಅಷ್ಟ.
ರವದಿ ಬೆವೆತಂಗಾತು, ಬಿಳಿ ಹೊಗಿ ದಪ್ಪಾತು,
ನನ್ನ ಕಣ್ಣಾಗ ನೀರು. ಇನ್ನೇನು ಆರಿತು ಅನ್ನೂದರಾಗ
ಭಗ್ ಅಂತು,
ಶಾಹೇದಾನ ಮೂಗಬಟ್ಟು ಮೊದಲು ಕಾಣಿಸಿತು.

ಆಮ್ಯಾಲಿಂದು ಎಲ್ಲರಿಗೂ ಗೊತ್ತಿದ್ದದ್ದು:
ಕೆಂಡದಾಗ ತೆನಿ, ಚಟಪಟ, ಕೋಲಿನ ಬಡತ,
ಹಸರ ಕಾಳು, ಶೇಂಗಾ ಹಿಂಡಿ,
ಬಸೂನ ಮೀಸಿ ಮೂಡದ ತುಟಿ ಮ್ಯಾಲೆ ಮಸಿ.

ಕೆಂಡ ಬೂದಿ ಹೊದಿಯೂ ಹೊತ್ತಿಗೆ ಆಕಿ ಕೇಳಿದಳು,
"ಹಳೇ ನೂಲಿನ ಅರಿವಿ ಐತೇನು? ನಾಳಿಗೆ ಬೇಕು,
ಎಕ್ಕಿ ಅರಳಿ ತೀರೇತಿ."
ಅಟ್ಟದ ಮ್ಯಾಲೆ ಹಕ್ಕಿ ಬೆದರಸಾಕ ಕಟ್ಟಿದ್ದೆವು
ನಮ್ಮತ್ತಿ ಸೀರಿ, ಇಳಕಲ್ಲದು.
ಬಿಚ್ಚಿ ತಂದೆ. ಆಕಿ ಬೆರಳಾಗ ತಿಕ್ಕಿ ನೋಡಿದಳು.
"ಸೆರಗು ರೇಷ್ಮಿ, ಬ್ಯಾಡ. ಒಡಲು ನೂಲು, ಅದು ಕೊಡು."
ಹರದು, ಮಡಚಿ, ಡಬ್ಬಿಯಾಗ ತುರುಕಿ
ಮುಚ್ಚಳಕ್ಕ ಸೂಜಿಯಷ್ಟು ತೂತು ಹಾಕಿ
ಕೆಂಡದಾಗ ಹುಗದಳು.

ತೂತಿನಿಂದ ಎಳಿ ಹೊಗಿ.
"ಜೀವಂತ ಇದ್ದಾಗೂ ಹಿಂಗ," ಅಂದೆ ನಾ,
"ಒಂದು ಮಾತು ಬಿದ್ದರ ಸಾಕಿತ್ತು, ಹತ್ತಕೋತಿದ್ದಳು."
ಶಾಹೇದಾ ನಕ್ಕಳು. ನನಗ ನಗಿ ಬರಲಿಲ್ಲ,
ಯಾಕೋ ಗೊತ್ತಿಲ್ಲ.

ಹೊಗಿ ನಿಂತತು.
"ತೆಗೀಲೇನು?"
"ಈಗಲ್ಲ. ಬಿಸಿ ಇದ್ದಾಗ ಗಾಳಿ ತಾಗಿದರ
ಎಲ್ಲಾ ಬೂದಿ. ಆರಲಿ."

ಆರೂತನಕ ಕುಂತೆವು.
ಉಳದ ಸೆರಗಿನಾಗ ಬಿಳಿ ತೆನಿಗಳ ಸಾಲು,
ನೇಕಾರ ನೇಯ್ದದ್ದು, ಒಂದೂ ಕಾಳಿಲ್ಲದ್ದು.
ಬಸೂನ ಕಿವಿಗೆ ಸುತ್ತಿ ಕಟ್ಟಿದೆ.
ಥಂಡಿ ಭಾಳಿತ್ತು.